ಇಂಟರ್‌ನೆಟ್ಟಿಗೊಬ್ಬ ನೀರಗಂಟಿ

ರೇಡಿಯೋ ಎಂಬುದು ಬಹು ಉದಾರವಾದ ಯಂತ್ರ. ಪ್ರಸಾರ ಕೇಂದ್ರದ ಸ್ತಂಭದಿಂದ ಹೊರಟ ಅಲೆಯನ್ನು ನೀವೊಬ್ಬರೇ ಹಿಡಿದರೂ ಅಷ್ಟೆ, ನಿಮ್ಮ ಬೀದಿಯವರೆಲ್ಲ ಹಿಡಿದರೂ ಅಷ್ಟೆ. ನೆರೆಮನೆಯವರು ತಮ್ಮ ಪೆಟ್ಟಿಗೆಯ ಕಿವಿ ಹಿಂಡಿದರೆಂದು ನಿಮ್ಮ ಮನೆಯ ಸಂಗೀತ ಎಳ್ಳಷ್ಟೂ ಕುಗ್ಗುವುದಿಲ್ಲ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರವೊಂದನ್ನು ತೆರೆದಾಗ, ಕೇಳುವವರು ಹತ್ತು ಮಂದಿಯೋ ಸಾವಿರ ಮಂದಿಯೋ ಎಂಬ ಚಿಂತೆ ಆ ಯಂತ್ರಕ್ಕೆ ಇರಲಿಲ್ಲ. ಇಂಟರ್‌ನೆಟ್ಟಿನ ಸಂಗತಿ ಹಾಗಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಮಾನು ಬರಬೇಕು. ಎಲ್ಲರ ಸಾಮಾನೂ ಮನೆಯ ಒಂದೇ ಬಾಗಿಲಿನಿಂದ ಒಳಗೆ ಬರಬೇಕು, ಅದೇ ಬಾಗಿಲಿನಿಂದ ಹೊರಗೆ ಹೋಗಬೇಕು. ಬಾಗಿಲು ಒಂದು, ಮಂದಿ ಹಲವರು ಎಂದ ಮೇಲೆ ಪಾಲಿನ ಪ್ರಶ್ನೆ ಬಂತು. ಪಾಲು ಎಂದ ಮೇಲೆ ಜಗಳವೂ ಬಂತು.

ಅಂಥ ಒಂದು ಜಗಳವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಅಕ್ಕನನ್ನು ತೀರ್ಥಹಳ್ಳಿಯ ಕಡೆಗೆ ಕೊಟ್ಟಿದೆ. ಅಡಕೆ ತೋಟದ ನಡುವಿನ ಒಂಟಿ ಮನೆ. ತಂತಿಯ ಸಂಪರ್ಕ ಅಲ್ಲಿಗೆ ಬಂದಿಲ್ಲ; ಎದುರು ಗುಡ್ಡದ ಮೊಬೈಲ್ ಗೋಪುರವೇ ಗತಿ. ಹೆಂಚಿನ ಮೇಲೊಂದು ಆಂಟೆನಾ, ಜಗಲಿಯಲ್ಲಿ ಸಿಮ್ ಹಾಕಿದ ಒಂದು ಪೆಟ್ಟಿಗೆ, ಅದರಿಂದ ಮನೆಗೆಲ್ಲ ವೈಫೈ. 2020ರ ಸಾಂಕ್ರಾಮಿಕದಲ್ಲಿ ಬೆಂಗಳೂರಿನಿಂದ ಮನೆಗೆ ಬಂದ ಅಕ್ಕನ ಮಗಳು, ಆಮೇಲೂ ಅಲ್ಲಿಂದಲೇ ಕಂಪೆನಿಯ ಕೆಲಸ ಮಾಡುತ್ತಾಳೆ. ಅವಳ ತಮ್ಮ ಕಾಲೇಜಿನ ಹುಡುಗ. ಅವನ ಲ್ಯಾಪ್‌ಟಾಪಿನಲ್ಲಿ ಯಾವಾಗಲೂ ಏನಾದರೊಂದು ದೊಡ್ಡ ಫೈಲು ಇಳಿಯುತ್ತಲೇ ಇರುತ್ತದೆ. ಭಾವನ ತಂದೆ ಅಜ್ಜಯ್ಯನವರಿಗೆ ಮಧ್ಯಾಹ್ನ ಊಟವಾದ ಮೇಲೆ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡದಿದ್ದರೆ ನಿದ್ದೆ ಹತ್ತದು. ಭಾವನ ಫೋನೋ, ತೋಟದಲ್ಲಿ ತೆಗೆದ ಚಿತ್ರಗಳನ್ನೆಲ್ಲ ಮನೆಗೆ ಕಾಲಿಟ್ಟೊಡನೆ, ಯಾರ ಅಪ್ಪಣೆಯನ್ನೂ ಕೇಳದೆ, ಮೇಲಕ್ಕೆ ಕಳುಹಿಸತೊಡಗುತ್ತದೆ.

ಮಗಳ ಸಭೆಗಳು ನಡೆಯುವುದು ಮಧ್ಯಾಹ್ನ. ಅವಳು ಮಾತನಾಡಿದರೆ ಅತ್ತ ಕಡೆಯವರಿಗೆ ಎರಡು ಸೆಕೆಂಡು ತಡವಾಗಿ ಕೇಳುವುದು. ಅವರು ಉತ್ತರ ಕೊಟ್ಟರೆ ಇವಳು ಆಗಲೇ ಮುಂದಿನ ಮಾತು ಆರಂಭಿಸಿರುವಳು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು, ಕಡೆಗೆ ಎಲ್ಲರೂ ಸುಮ್ಮನಾಗುವರು. ಹೀಗೇ ಆದರೆ ಬೆಂಗಳೂರಿಗೆ ಹಿಂದಿರುಗಬೇಕಾದೀತು, ಇಲ್ಲವೆ ಬೇರೆ ಕೆಲಸ ನೋಡಿಕೊಳ್ಳಬೇಕಾದೀತು ಎಂದು ಮೇಲಧಿಕಾರಿ ಸೂಚ್ಯವಾಗಿ ಹೇಳಿದರಂತೆ. ಭಾವ ಹೆಚ್ಚು ಹಣ ಕೊಟ್ಟು ಹೆಚ್ಚು ವೇಗದ ಯೋಜನೆ ಹಾಕಿಸಿದರು. ಏನೂ ಗುಣ ಕಾಣಲಿಲ್ಲ. ಆಗ ಅಡಿಗೆಮನೆಯ ಗೋಡೆಗೆ ಒಂದು ವೇಳಾಪಟ್ಟಿ ಬಂತು: ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಯಾರೂ ಇಂಟರ್‌ನೆಟ್ ಮುಟ್ಟಕೂಡದು. ಎಂಬತ್ತು ದಾಟಿದ ಅಜ್ಜಯ್ಯನವರು ಮೊಮ್ಮಗಳ ಕೆಲಸ ಉಳಿಯಲೆಂದು ಯಕ್ಷಗಾನವನ್ನು ಬಿಟ್ಟುಕೊಟ್ಟರು. ಹುಡುಗ ಮಾತ್ರ ಕದ್ದು ಮುಚ್ಚಿ ಇಳಿಸಿಕೊಳ್ಳುತ್ತಿದ್ದ. ಅಕ್ಕ ತಮ್ಮಂದಿರ ನಡುವೆ ಮಾತು ನಿಂತು ಹೋಗಿತ್ತು.

ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು ನಾನು. "ಮಾವ, ನೀವೇ ಒಂದು ದಾರಿ ತೋರಿಸಿ" ಎಂದು ಹುಡುಗಿ ಕೇಳಿದಾಗ ಇಲ್ಲವೆನ್ನಲು ಮುಖವಿರಲಿಲ್ಲ. ಆ ದಾರಿಯನ್ನು ಹುಡುಕುವಾಗ ತಿಳಿದದ್ದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ; ಏಕೆಂದರೆ ಇದೇ ವ್ಯಾಧಿ ಪಟ್ಟಣದ ಮನೆಗಳಲ್ಲೂ ಉಂಟು, ಮತ್ತು ಅಲ್ಲಿಯೂ ಜನ ಹೆಚ್ಚು ವೇಗವನ್ನು ಕೊಂಡು ಕೊಂಡು ಬೇಸತ್ತಿದ್ದಾರೆ.

ಮೊದಲು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಂಪೆನಿಯವರು ಜಾಹೀರಾತಿನಲ್ಲಿ ಹೇಳುವ 'ವೇಗ' ವಾಸ್ತವವಾಗಿ ವೇಗವಲ್ಲ, ಹರವು. ಸೆಕೆಂಡಿಗೆ ಎಷ್ಟು ಬಿಟ್ ಸಾಗುತ್ತದೆ ಎಂಬ ಲೆಕ್ಕ. ಒಂದು ಬಿಟ್ ಹೊರಟು ತಲಪಲು ಎಷ್ಟು ಹೊತ್ತು ಬೇಕೆಂಬುದು ಬೇರೆಯೇ ಲೆಕ್ಕ. ಅದನ್ನು ವಿಳಂಬ ಎನ್ನೋಣ. ಒಂದು ಲಾರಿ ತುಂಬ ಪತ್ರಗಳನ್ನು ನಿಧಾನವಾಗಿ ಸಾಗಿಸಿದರೂ ಹರವು ದೊಡ್ಡದೇ. ಆದರೆ ಆ ಪತ್ರಗಳ ಮೂಲಕ ಸಂಭಾಷಣೆ ನಡೆಸಲಾಗದು. ಫೈಲು ಇಳಿಸುವವನಿಗೆ ಹರವು ಮುಖ್ಯ, ಮಾತನಾಡುವವರಿಗೆ ವಿಳಂಬ ಮುಖ್ಯ. ಮಾತು ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನೊಳಗೆ ತಲಪಿದರೆ ಸಂಭಾಷಣೆ ಸಹಜವಾಗಿರುತ್ತದೆಂದೂ, 400 ಮೀರಿದರೆ ಸಲ್ಲದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಎಷ್ಟು ಸುತ್ತು ಹಾಕಿ ಹೋದರೂ ಕೆಲವು ಮಿಲಿಸೆಕೆಂಡಿನ ಹಾದಿ. ಹಾಗಾದರೆ ಆ ಎರಡು ಸೆಕೆಂಡು ಎಲ್ಲಿ ಕಳೆದುಹೋಯಿತು?

ಸಾಲಿನಲ್ಲಿ ನಿಂತು ಕಳೆದುಹೋಯಿತು. ಇಂಟರ್‌ನೆಟ್ಟಿನಲ್ಲಿ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ಯಾಕೆಟ್ ಎನ್ನುವುದು ಅದನ್ನೇ. ಅಗಲವಾದ ದಾರಿ ಕಿರಿದಾಗುವ ಕಡೆಯಲ್ಲೆಲ್ಲ ಪ್ಯಾಕೆಟ್ಟುಗಳು ತಮ್ಮ ಸರದಿ ಬರುವವರೆಗೆ ನಿಲ್ಲಲು ಒಂದು ತಂಗುದಾಣ ಇರುತ್ತದೆ. ಕಳುಹಿಸುವ ಯಂತ್ರಕ್ಕೆ ದಾರಿ ಎಷ್ಟು ಅಗಲವೆಂದು ತಿಳಿಯದು. ಅದು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುತ್ತದೆ. ತಂಗುದಾಣ ತುಂಬಿ ಒಂದು ಪ್ಯಾಕೆಟ್ ಹೊರಗೆ ಚೆಲ್ಲಿಹೋದರೆ, "ಓಹೋ, ಹೆಚ್ಚಾಯಿತು" ಎಂದು ತಗ್ಗಿಸುತ್ತದೆ. ಈ ಸಂಯಮವನ್ನು ಕಲಿಸಿದವರು ವ್ಯಾನ್ ಜೇಕಬ್‌ಸನ್. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ, ಕೇವಲ 400 ಗಜ ದೂರದ ಎರಡು ಸ್ಥಳಗಳ ನಡುವೆ, ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದದ್ದು 40 ಬಿಟ್ಟಿಗೆ ಕುಸಿದಿತ್ತು. ಎಲ್ಲರೂ ನುಗ್ಗಿ ಯಾರೂ ಒಳಗೆ ಹೋಗದ ಸ್ಥಿತಿ. ಅದರ ಪರಿಹಾರವನ್ನು ಅವರು 1988ರಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಚೆಲ್ಲಿಹೋಗುವುದು ಒಂದು ಸುದ್ದಿ. ಆ ಸುದ್ದಿ ಬೇಗ ಮುಟ್ಟಿದರೆ ಮಾತ್ರ ಕಳುಹಿಸುವವನು ಬೇಗ ತಗ್ಗಿಯಾನು. ಆದರೆ ಮೆಮೊರಿ ಅಗ್ಗವಾಗುತ್ತ ಬಂದ ಹಾಗೆಲ್ಲ, ಪೆಟ್ಟಿಗೆ ತಯಾರಿಸುವವರು "ಒಂದು ಪ್ಯಾಕೆಟ್ಟೂ ಕಳೆಯಬಾರದು" ಎಂಬ ಸದ್ಬುದ್ಧಿಯಿಂದ ತಂಗುದಾಣವನ್ನು ದೊಡ್ಡದು ಮಾಡುತ್ತ ಹೋದರು. ದೊಡ್ಡ ತಂಗುದಾಣ ತುಂಬಲು ಬಹಳ ಹೊತ್ತು. ಅಷ್ಟು ಹೊತ್ತೂ ಸುದ್ದಿಯಿಲ್ಲ. ತುಂಬಿದ ಮೇಲೆ ಅದು ತುಂಬಿಯೇ ಇರುತ್ತದೆ. ಹುಡುಗನ ಫೈಲಿನ ಪ್ಯಾಕೆಟ್ಟುಗಳ ಹಿಂದೆ, ಅಕ್ಕನ ಮಾತಿನ ಪುಟ್ಟ ಪ್ಯಾಕೆಟ್ ಸಾಲಿನ ಬಾಲದಲ್ಲಿ ನಿಲ್ಲಬೇಕು. ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ಇಂಜಿನಿಯರು 2010ರಲ್ಲಿ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಅಳೆದು ನೋಡಿ ಬೆಚ್ಚಿದರು. 'ಬಫರ್‌ಬ್ಲೋಟ್' ಎಂಬ ಹೆಸರು ಆಗಿನಿಂದ ಬಳಕೆಗೆ ಬಂತು. ತಂಗುದಾಣದ ಹೊಟ್ಟೆಯುಬ್ಬರ ಎಂದು ಅದರ ಅರ್ಥ. ಹೆಸರು ರೋಗಕ್ಕೆ ಒಪ್ಪುತ್ತದೆ.

ನಮ್ಮ ಅಕ್ಕನ ಮನೆಯಂಥ ಕಡೆ ಇದು ಇಮ್ಮಡಿ ಪೀಡೆ. ಏಕೆಂದರೆ ಅಲ್ಲಿಯ ದಾರಿಯ ಅಗಲವೇ ಗಳಿಗೆಗೊಂದು ಬಗೆ. ಬೆಳಗಿನ ಜಾವ ಸೆಕೆಂಡಿಗೆ 40 ಮೆಗಾಬಿಟ್, ಊರವರೆಲ್ಲ ಫೋನು ಹಿಡಿದ ಸಂಜೆ ಐದು, ಆಷಾಢದ ಜಡಿಮಳೆಯಲ್ಲಿ ಒಮ್ಮೊಮ್ಮೆ ಎರಡು. ಒಂದು ಲೆಕ್ಕ ಹಾಕಿ ನೋಡಿ. ತಂಗುದಾಣದಲ್ಲಿ 250 ಕಿಲೋಬೈಟ್ ಸರಕು ನಿಂತಿದೆ ಎನ್ನಿ, ಎಂದರೆ 20 ಲಕ್ಷ ಬಿಟ್. ದಾರಿ 40 ಮೆಗಾಬಿಟ್ ಅಗಲವಿದ್ದಾಗ ಅದು ಕರಗಲು ಬೇಕಾದ ಹೊತ್ತು 50 ಮಿಲಿಸೆಕೆಂಡು. ಯಾರಿಗೂ ಗೊತ್ತೇ ಆಗದು. ಎರಡಕ್ಕೆ ಇಳಿದಾಗ ಅಷ್ಟೇ ಸರಕು ಕರಗಲು ಪೂರಾ ಒಂದು ಸೆಕೆಂಡು. ಸಾಲಿನ ಉದ್ದ ಒಂದೇ, ಕಾಯುವ ಹೊತ್ತು ಇಪ್ಪತ್ತು ಪಾಲು. ಆದ್ದರಿಂದ ಸಾಲಿನಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿ ಪ್ರಯೋಜನವಿಲ್ಲ. ಪ್ರತಿಯೊಬ್ಬರೂ ಎಷ್ಟು ಹೊತ್ತು ನಿಂತರೆಂದು ಅಳೆಯಬೇಕು.

ಇದನ್ನೇ 2012ರಲ್ಲಿ ಕ್ಯಾಥ್ಲೀನ್ ನಿಕಲ್ಸ್ ಮತ್ತು ಅದೇ ವ್ಯಾನ್ ಜೇಕಬ್‌ಸನ್ ಇಬ್ಬರೂ ಸೇರಿ ಒಂದು ವಿಧಾನವಾಗಿ ಕೊಟ್ಟರು. ಅದರ ಹೆಸರು ಕೋಡೆಲ್. ತಂಗುದಾಣಕ್ಕೆ ಬಂದ ಪ್ರತಿ ಪ್ಯಾಕೆಟ್ಟಿಗೂ ಬಂದ ಹೊತ್ತನ್ನು ಗುರುತು ಹಾಕುವುದು. ಹೊರಡುವಾಗ ಎಷ್ಟು ಹೊತ್ತು ನಿಂತಿತೆಂದು ನೋಡುವುದು. ಆಗೊಮ್ಮೆ ಈಗೊಮ್ಮೆ ಗುಂಪು ಸೇರಿದರೆ ತಪ್ಪಿಲ್ಲ. ಆದರೆ ಕಾಯುವ ಹೊತ್ತು 5 ಮಿಲಿಸೆಕೆಂಡಿಗಿಂತ ಮೇಲೇ ಇದ್ದು, ಸತತವಾಗಿ 100 ಮಿಲಿಸೆಕೆಂಡು ಒಮ್ಮೆಯೂ ಕೆಳಗಿಳಿಯದಿದ್ದರೆ, ಇದು ಗುಂಪಲ್ಲ, ಬೀಡುಬಿಟ್ಟ ಸಾಲು ಎಂದು ತಿಳಿದು ಒಂದು ಪ್ಯಾಕೆಟ್ಟನ್ನು ಬೇಕೆಂದೇ ಬಿಸಾಡುವುದು. ಸುದ್ದಿ ಹೋಯಿತು, ಕಳುಹಿಸುವವನು ತಗ್ಗಿದ. ತಗ್ಗದಿದ್ದರೆ ಮತ್ತೆ ಮತ್ತೆ, ಇನ್ನೂ ಬೇಗ ಬೇಗ ಬಿಸಾಡುವುದು. ಬಿಸಾಡಿದ್ದನ್ನು ಅವನು ಮತ್ತೆ ಕಳುಹಿಸುತ್ತಾನಾದ್ದರಿಂದ ಫೈಲಿಗೆ ಹಾನಿಯೇನೂ ಇಲ್ಲ.

ವಿಳಂಬಕ್ಕೆ ಮದ್ದಾಯಿತು. ನ್ಯಾಯಕ್ಕೆ?

ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಬಡಿಸುವವನು ಒಂದು ತುದಿಯಿಂದ ಹೊರಟು ಪ್ರತಿ ಎಲೆಗೂ ಒಂದು ಸೌಟು ಹಾಕುತ್ತ ಹೋಗುತ್ತಾನೆ. ಹೊಟ್ಟೆಬಾಕನಿಗೂ ಒಂದೇ ಸೌಟು, ಮುದುಕರಿಗೂ ಒಂದೇ ಸೌಟು. ಹೆಚ್ಚು ಬೇಕಾದವನು ಮುಂದಿನ ಸುತ್ತಿಗೆ ಕಾಯಬೇಕು. ಇಂಟರ್‌ನೆಟ್ಟಿನಲ್ಲಿ ಬಹುಕಾಲ ಹೀಗೆ ಬಡಿಸುವ ಪದ್ಧತಿ ಇರಲಿಲ್ಲ. ಮೊದಲು ಬಂದವನಿಗೆ ಮೊದಲು ಎಂಬುದೇ ನಿಯಮ. ಕೇಳುವುದಕ್ಕೆ ನ್ಯಾಯವಾಗಿ ಕಾಣುತ್ತದೆ. ಆದರೆ ಹತ್ತು ಸಲ ಕೈಯೊಡ್ಡಿದವನಿಗೆ ಹತ್ತು ಪಾಲು ಸಿಕ್ಕುವ ನಿಯಮ ಅದು. 1985ರಲ್ಲಿಯೇ ಜಾನ್ ನೇಗಲ್ ಇದನ್ನು ಬಿಡಿಸಿ ಬರೆದಿದ್ದರು: ಆ ನಿಯಮದಲ್ಲಿ ಪ್ರತಿಯೊಬ್ಬನಿಗೂ ಲಾಭವಾಗುವುದು ಸಾಧ್ಯವಾದಷ್ಟು ನುಗ್ಗುವುದರಿಂದಲೇ, ಎಲ್ಲರೂ ನುಗ್ಗಿದರೆ ಎಲ್ಲರಿಗೂ ನಷ್ಟ. ನಮ್ಮ ಊರುಗಳ ಗೋಮಾಳದ ಕಥೆಯೂ ಇದೇ ತಾನೆ? ತಂಗುದಾಣವನ್ನು ಅನಂತವಾಗಿ ದೊಡ್ಡದು ಮಾಡಿದರೂ ಫಲವಿಲ್ಲವೆಂದು ಅವರು ಆಗಲೇ ತೋರಿಸಿದ್ದರು. ಪ್ರತಿಯೊಬ್ಬನಿಗೂ ಪ್ರತ್ಯೇಕ ಸಾಲು ಮಾಡಿ, ಸರದಿಯಂತೆ ಒಂದೊಂದು ಸಾಲಿನಿಂದ ಒಂದೊಂದು ಪ್ಯಾಕೆಟ್ ತೆಗೆಯಿರಿ ಎಂಬುದು ಅವರ ಸಲಹೆ. 1989ರಲ್ಲಿ ಡೆಮರ್ಸ್, ಶ್ರೀನಿವಾಸನ್ ಕೇಶವ್, ಶೆಂಕರ್ ಈ ಮೂವರು, ಪ್ಯಾಕೆಟ್ಟುಗಳ ಗಾತ್ರ ಬೇರೆ ಬೇರೆಯಾದರೂ ಪಾಲು ಸಮನಾಗುವಂತೆ ಅದನ್ನು ತಿದ್ದಿದರು. 1995ರಲ್ಲಿ ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಅದನ್ನು ಅಗ್ಗದ ಯಂತ್ರವೂ ಮಾಡಬಲ್ಲಷ್ಟು ಸುಲಭಗೊಳಿಸಿದರು. ನಮ್ಮ ಕಡೆಯ ಹೆಸರುಗಳು ಇಲ್ಲಿ ಕಂಡಾಗ ಮೇಷ್ಟರಾದವನಿಗೆ ಒಂದು ಸಂತೋಷ.

ಪ್ರತ್ಯೇಕ ಸಾಲುಗಳನ್ನೂ ಕೋಡೆಲನ್ನೂ ಕೂಡಿಸಿದ ವಿಧಾನ 2012ರಿಂದಲೇ ಲಿನಕ್ಸ್‌ನಲ್ಲಿ ಬಂದಿದೆ. ಅದರಲ್ಲಿ ಇನ್ನೊಂದು ಚಮತ್ಕಾರವುಂಟು: ಸಾಲೇ ಇಲ್ಲದೆ, ಆಗಷ್ಟೆ ಬಂದ ಒಂಟಿ ಪ್ಯಾಕೆಟ್ಟಿಗೆ ಮೊದಲು ದಾರಿ ಬಿಡುತ್ತಾರೆ. ಮಾತಿನ ಪ್ಯಾಕೆಟ್ಟುಗಳು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ ಬರುವ ಚಿಕ್ಕವು. ಎಂದೂ ಸಾಲು ಕಟ್ಟುವುದಿಲ್ಲ. ಆದ್ದರಿಂದ, ಇದು ಮಾತು ಎಂದು ಯಾರೂ ಗುರುತಿಸಿ ಹೇಳದಿದ್ದರೂ, ಅವು ತಾವಾಗಿ ಮುಂದೆ ಹೋಗುತ್ತವೆ. ಒಂದು ಲೋಟ ನೀರು ಕೇಳಿದ ಅಜ್ಜಿಗೆ ಪಂಕ್ತಿಯ ನಡುವೆಯೇ ಕೊಟ್ಟುಹೋಗುವುದಿಲ್ಲವೆ, ಹಾಗೆ.

ಆದರೂ ಪಂಕ್ತಿಯಲ್ಲಿ ಒಬ್ಬ ಘಾಟಿ ಇದ್ದೇ ಇರುತ್ತಾನೆ. ಎಲೆಗೊಂದು ಸೌಟು ಎಂದರೆ ತನ್ನ ಮುಂದೆ ಹತ್ತು ಎಲೆ ಹಾಕಿಕೊಂಡು ಕೂರುತ್ತಾನೆ! ಫೈಲು ಇಳಿಸುವ ಕೆಲವು ತಂತ್ರಾಂಶಗಳು ಏಕಕಾಲಕ್ಕೆ ಹತ್ತಿಪ್ಪತ್ತು ಸಂಪರ್ಕಗಳನ್ನು ತೆರೆಯುವುದು ಇದೇ ಉಪಾಯದಿಂದ. ಒಂದೊಂದು ಸಂಪರ್ಕವೂ ಒಂದೊಂದು ಎಲೆ. ಇದಕ್ಕೆ ಪ್ರತ್ಯುಪಾಯವೇ 'ಕೇಕ್' ಎಂಬ ವಿಧಾನ. ಜೊನಾಥನ್ ಮಾರ್ಟನ್, ಡೇವ್ ಟಾಟ್ ಮೊದಲಾದವರು ಸೇರಿ ಬೆಳೆಸಿದ್ದು, 2018ರಲ್ಲಿ ಲಿನಕ್ಸ್‌ಗೆ ಸೇರಿತು. ಅದು ಮೊದಲು ಮನೆಯಲ್ಲಿರುವ ಯಂತ್ರಗಳಿಗೆ ಸಮಪಾಲು ಮಾಡುತ್ತದೆ. ಆಮೇಲೆ ಆಯಾ ಯಂತ್ರದ ಪಾಲನ್ನು ಅದರ ಎಲೆಗಳಿಗೆ ಹಂಚುತ್ತದೆ. ಹತ್ತು ಎಲೆ ಹಾಕಿದರೆ ಹತ್ತು ಕಡೆ ಹನಿಹನಿ, ಅಷ್ಟೆ. ಒಬ್ಬರು ಉಣ್ಣದೆ ಬಿಟ್ಟ ಪಾಲು ಮಾತ್ರ ಉಳಿದವರಿಗೆ ಒಡನೆಯೇ ಹೋಗುತ್ತದೆ, ಕಾದಿರಿಸಿ ಹಳಸುವುದಿಲ್ಲ. ಡೇವ್ ಟಾಟ್ ಈ ಕೆಲಸಕ್ಕೆ ತಮ್ಮ ಎಷ್ಟೋ ವರ್ಷಗಳನ್ನು ಕೊಟ್ಟು, 2025ರ ಏಪ್ರಿಲಿನಲ್ಲಿ ತೀರಿಕೊಂಡರು. ತಂತ್ರಾಂಶವನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು.

ಇಷ್ಟೆಲ್ಲ ಇದ್ದರೂ ಒಂದು ಮುಖ್ಯ ಮಾತು ಉಳಿಯುತ್ತದೆ. ಬಡಿಸುವವನು ಎಲ್ಲಿ ನಿಂತಿರಬೇಕು? ಸಾಲು ಎಲ್ಲಿ ಕಟ್ಟುತ್ತದೋ ಅಲ್ಲಿ. ನಮ್ಮ ಮನೆಯ ರೌಟರಿನಲ್ಲಿ ಎಂಥ ಜಾಣ ಬಡಿಸುವವನನ್ನು ಇಟ್ಟರೂ, ಸಾಲು ಸಿಮ್ ಪೆಟ್ಟಿಗೆಯಲ್ಲೋ ಗುಡ್ಡದ ಗೋಪುರದಲ್ಲೋ ಕಟ್ಟುತ್ತಿದ್ದರೆ ಇವನಿಗೆ ಕೆಲಸವೇ ಇಲ್ಲ. ಆದ್ದರಿಂದ ಬೇಕೆಂದೇ ನಮ್ಮ ಬಾಗಿಲನ್ನು ಹೊರಗಿನ ದಾರಿಗಿಂತ ತುಸು ಕಿರಿದು ಮಾಡಬೇಕು. ಹೊರಗೆ 50 ಇದ್ದರೆ ಒಳಗೆ 45. ಆಗ ಸಾಲು ನಮ್ಮ ಜಗಲಿಗೆ ಬರುತ್ತದೆ, ನಮ್ಮ ಅಂಕೆಯಲ್ಲಿರುತ್ತದೆ. ಪಟ್ಟಣದ ತಂತು ಸಂಪರ್ಕಕ್ಕೆ ಇಷ್ಟು ಸಾಕು. ಒಮ್ಮೆ ಅಂಕಿ ಬರೆದಿಟ್ಟರೆ ಮುಗಿಯಿತು.

ಏರಿಳಿಯುವ ಸಂಪರ್ಕಕ್ಕೆ ಯಾವ ಅಂಕಿ ಬರೆಯುವುದು? ಎರಡು ಎಂದರೆ ಬೆಳಗಿನ ನಲವತ್ತು ವ್ಯರ್ಥ. ನಲವತ್ತು ಎಂದರೆ ಸಂಜೆಯ ಹೊತ್ತಿಗೆ ಸಾಲು ಮತ್ತೆ ಗೋಪುರಕ್ಕೆ ಓಡುತ್ತದೆ. ಇಲ್ಲಿ ನನಗೆ ನೆನಪಾದದ್ದು ತುಮಕೂರು ಜಿಲ್ಲೆಯ ನಮ್ಮ ಹುಟ್ಟೂರಿನ ನೀರಗಂಟಿ. ಕೆರೆಯ ತೂಬು ಎಷ್ಟು ಎತ್ತಬೇಕೆಂದು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ದಿನವೂ ಏರಿಯ ಮೇಲೆ ನಡೆದು ನೀರಿನ ಮಟ್ಟ ನೋಡುವನು. ಮಳೆ ಬಂದರೆ ಒಂದಿಷ್ಟು ಎತ್ತುವನು, ಇಳಿದರೆ ಇಳಿಸುವನು. ಆ ದಿನ ಇರುವ ನೀರನ್ನು ಸರದಿಯ ಗದ್ದೆಗಳಿಗೆ ತಿರುಗಿಸುವನು. ನಮಗೆ ಬೇಕಾದದ್ದು ಅಂಥವನು.

ಅಂಥವನನ್ನೂ ಕೆಲವರು ಬರೆದಿಟ್ಟಿದ್ದಾರೆ. 'ಕೇಕ್-ಆಟೋರೇಟ್' ಎಂದು ಹೆಸರು. ಅದು ರೌಟರಿನಲ್ಲಿ ಕುಳಿತು, ಹೊರಗಿನ ಹಲವು ಯಂತ್ರಗಳಿಗೆ ಕ್ಷಣಕ್ಷಣಕ್ಕೂ ಒಂದು ಸಣ್ಣ ಕೂಗು ಹಾಕುತ್ತದೆ. 'ಓ' ಎಂಬ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ನೋಡುತ್ತದೆ. ದಾರಿ ತುಂಬ ಸರಕು ಓಡುತ್ತಿದ್ದೂ ಉತ್ತರ ಎಂದಿನಂತೆ ಬೇಗ ಬಂದರೆ, ಹೊರಗೆ ಇನ್ನೂ ಅಗಲವಿದೆ ಎಂದು ತಿಳಿದು ನಮ್ಮ ಬಾಗಿಲನ್ನು ನಿಧಾನವಾಗಿ ತೆರೆಯುತ್ತದೆ. ಉತ್ತರ ತಡವಾಯಿತೋ, ಹೊರಗೆ ಸಾಲು ಕಟ್ಟಿತೆಂದು ತಟ್ಟನೆ ಕಿರಿದು ಮಾಡುತ್ತದೆ. ಯಾರೂ ಬಳಸದೆ ಇದ್ದಾಗ ಒಂದು ನಡುಮಟ್ಟಕ್ಕೆ ಬಂದು ನಿಲ್ಲುತ್ತದೆ. ಒಬ್ಬನೇ ತಡವಾಗಿ ಓಗೊಟ್ಟರೆ ಅದು ಅವನ ಮೈಗಳ್ಳತನವೂ ಇದ್ದೀತು. ಹಲವರು ತಡಮಾಡಿದರೆ ದೋಷ ದಾರಿಯದೇ. ನಾವು ಹೇಳಬೇಕಾದದ್ದು ಮೂರೇ ಅಂಕಿ: ಕನಿಷ್ಠ, ನಡುಮಟ್ಟ, ಗರಿಷ್ಠ. ಭೂಮಿಗೆ ಹತ್ತಿರ ಸುತ್ತುವ ಉಪಗ್ರಹಗಳ ಇಂಟರ್‌ನೆಟ್ಟಿಗೂ ಇದನ್ನೇ ಬಳಸುತ್ತಾರೆ. ಅಲ್ಲಿಯೂ ಅಗಲ ನಿಂತಲ್ಲಿ ನಿಲ್ಲದು.

ಆ ದಸರೆಯ ರಜದಲ್ಲಿ ನಾನು ಒಂದು ರೌಟರನ್ನು ಕೊಂಡು ಅಕ್ಕನ ಮನೆಗೆ ಹೋದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಓಡಬಲ್ಲ ರೌಟರು ಅದು. ಕೊಳ್ಳುವ ಮೊದಲು ನೀವೂ ಇದೊಂದನ್ನು ವಿಚಾರಿಸಿಕೊಳ್ಳಿ. ಸಿಮ್ ಪೆಟ್ಟಿಗೆಯ ವೈಫೈ ಆರಿಸಿ, ಮನೆಯವರೆಲ್ಲ ಈ ಹೊಸ ರೌಟರಿನ ಮೂಲಕವೇ ಹೋಗುವಂತೆ ಮಾಡಿದೆವು. ಕೆಲಸವನ್ನೆಲ್ಲ ಮಾಡಿದವನು ಆ ಹುಡುಗನೇ. "ನನ್ನ ಕಾಲಿಗೆ ನಾನೇ ಸರಪಳಿ ಹಾಕಿಕೊಳ್ಳಬೇಕಲ್ಲ ಮಾವ" ಎಂದು ಗೊಣಗುತ್ತಲೇ ಮಾಡಿದ. ಭಾವ ಒಂದು ಸಲಹೆ ಕೊಟ್ಟರು: ಮಗಳಿಗೆ ಮೊದಲ ಮರ್ಯಾದೆ, ಉಳಿದವರಿಗೆ ಉಳಿದದ್ದು ಎಂದು ಮಾಡಬಾರದೇ? ಮಾಡಬಹುದು, ಅನುಕೂಲವಿದೆ. ನಾನು ಬೇಡವೆಂದೆ. ಮನೆಯೊಳಗೆ ಪಂಕ್ತಿಭೇದ ಒಮ್ಮೆ ಆರಂಭವಾದರೆ ಮುಂದಿನ ವರ್ಷ ಯಾರ ಕೆಲಸ ಮುಖ್ಯವೆಂದು ಮತ್ತೆ ಜಗಳ. ಸಮಪಾಲಿನಲ್ಲೇ ಅವಳ ಮಾತಿಗೆ ಬೇಕಾದದ್ದು ಸಿಕ್ಕುವುದಾದರೆ ಮರ್ಯಾದೆಯ ಮಾತೇಕೆ?

ಪರೀಕ್ಷೆ ಮಾಡಿದೆವು. ನೀವೂ ಮಾಡಬಹುದು: ಒಂದು ಕಡೆ ದೊಡ್ಡ ಫೈಲು ಏರಿಸುತ್ತ ಇಳಿಸುತ್ತ, ಇನ್ನೊಂದು ಕಡೆ ಉತ್ತರದ ಹೊತ್ತನ್ನು ಅಳೆಯುವುದು. ಮೊದಲು ಒಂದೂವರೆ ಸೆಕೆಂಡು ಮೀರುತ್ತಿದ್ದದ್ದು, ಈಗ ಬಹುಮಟ್ಟಿಗೆ ನೂರು ಮಿಲಿಸೆಕೆಂಡಿನ ಒಳಗೆ ನಿಂತಿತು. ನಿಜವಾದ ಅಪರಾಧಿಯೂ ಅಂದೇ ಸಿಕ್ಕಿದ. ಅದು ಹುಡುಗನಲ್ಲ, ಭಾವನ ಫೋನು! ಮೇಲಕ್ಕೆ ಹೋಗುವ ದಾರಿ ಕೆಳಕ್ಕೆ ಬರುವುದಕ್ಕಿಂತ ಬಹಳ ಕಿರಿದು. ತೋಟದ ಚಿತ್ರಗಳು ಅದನ್ನು ಕಟ್ಟಿಹಾಕಿದರೆ ಹುಡುಗಿಯ ಮಾತು ಹೊರಗೆ ಹೋಗದು. ಅಷ್ಟೇ ಅಲ್ಲ, ಇಳಿಯುವ ಸಾಮಾನಿಗೆಲ್ಲ "ಮುಟ್ಟಿತು, ಮುಂದಿನದನ್ನು ಕಳುಹಿಸು" ಎಂಬ ರಸೀತಿ ಮೇಲೆ ಹೋಗಬೇಕಷ್ಟೆ. ಅದೂ ಸಿಕ್ಕಿಕೊಂಡು ಅಜ್ಜಯ್ಯನವರ ಯಕ್ಷಗಾನವೂ ನಿಲ್ಲುತ್ತಿತ್ತು. ಎರಡು ವರ್ಷ ಬೈಗುಳ ತಿಂದ ಹುಡುಗ ತಂದೆಯ ಮುಖ ನೋಡಿದ. ಭಾವ ಕವಳ ಹಾಕಲು ಒಳಗೆ ಹೋದರು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ನೀರಗಂಟಿ ಮಟ್ಟ ನೋಡಿದ ಮೇಲೆ ತಾನೆ ತೂಬು ಇಳಿಸುವುದು. ಗೋಪುರದ ಹರವು ತಟ್ಟನೆ ಕುಸಿದರೆ ಕ್ಷಣಕಾಲ ಮಾತು ತೊದಲಿಯೇ ತೊದಲುತ್ತದೆ. ಕೆಳಗೆ ಬರುವ ಸರಕನ್ನು ಅದು ಕಿರಿದಾರಿ ದಾಟಿ ಬಂದ ಮೇಲೆ ನಾವು ಅಂಕೆಯಲ್ಲಿಡುವುದರಿಂದ, ಆ ದಿಕ್ಕಿನ ಹಿಡಿತ ಸ್ವಲ್ಪ ಸಡಿಲವೇ. ಹುಡುಗನ ಫೈಲು ಮೊದಲಿಗಿಂತ ತುಸು ತಡವಾಗಿ ಇಳಿಯುತ್ತದೆ. ಇನ್ನು ವೈಫೈಗೂ ಅದರದೇ ಒಂದು ಕುಂದುಂಟು: ಹಿತ್ತಿಲ ಕೋಣೆಯ ದುರ್ಬಲ ಫೋನೊಂದು ಒಂದು ಪ್ಯಾಕೆಟ್ಟಿಗೆ ಬಹಳ ಹೊತ್ತು ಗಾಳಿಯನ್ನು ಹಿಡಿದುಕೊಂಡು ಎಲ್ಲರನ್ನೂ ತನ್ನ ನಡಿಗೆಗೆ ಎಳೆಯುತ್ತದೆ. ವಠಾರದ ನಲ್ಲಿಯಲ್ಲಿ ಸಣ್ಣ ಬಾಯಿಯ ಕೊಡ ಇಟ್ಟವರಿಂದ ಸಾಲೆಲ್ಲ ನಿಲ್ಲುವ ಹಾಗೆ. 2003ರಲ್ಲಿಯೇ ಫ್ರಾನ್ಸಿನ ಸಂಶೋಧಕರು ಇದನ್ನು ತೋರಿಸಿದ್ದರು. ಕೊಡದ ಲೆಕ್ಕ ಬಿಟ್ಟು ನಿಮಿಷದ ಲೆಕ್ಕದಲ್ಲಿ ಸರದಿ ಕೊಡುವ ಪದ್ಧತಿ ಈಗ ಕೆಲವು ರೌಟರುಗಳಲ್ಲಿ ಬಂದಿದೆ. ನಾವು ಸುಲಭದ ದಾರಿ ಹಿಡಿದೆವು. ಹುಡುಗಿಯ ಮೇಜಿಗೆ ನೇರ ಒಂದು ಕೇಬಲ್ ಎಳೆದೆವು.

ಗೋಪುರಕ್ಕೆ ವಿದ್ಯುತ್ತೇ ಇಲ್ಲದ ದಿನ ಯಾವ ನೀರಗಂಟಿಯೂ ಏನೂ ಮಾಡಲಾರ. ಕಳೆದ ಮಳೆಗಾಲದಲ್ಲಿ ಅಂಥ ದಿನ ಹುಡುಗಿ ಕೊಡೆ ಹಿಡಿದು ಗುಡ್ಡದ ನೆತ್ತಿಗೆ ಹೋಗಿ ಸಭೆ ಮುಗಿಸಿ ಬಂದಳಂತೆ. ಉಳಿದ ದಿನಗಳಲ್ಲಿ ಅವಳ ಕೋಣೆಯಲ್ಲಿ ಸಭೆ, ಚಾವಡಿಯಲ್ಲಿ ಚೆಂಡೆಮದ್ದಲೆ, ಒಟ್ಟಿಗೇ ನಡೆಯುತ್ತವೆ. ಯೋಜನೆಯನ್ನು ಭಾವ ಮತ್ತೆ ಮೊದಲಿನ ಅಗ್ಗದ್ದಕ್ಕೆ ಇಳಿಸಿದ್ದಾರೆ. ಅಡಿಗೆಮನೆಯ ಗೋಡೆಯ ವೇಳಾಪಟ್ಟಿಯನ್ನು ಅಕ್ಕ ಹರಿದು ಹಾಕಿಲ್ಲ. ಅದನ್ನು ತಿರುವಿ ಹಾಕಿ, ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಾಳೆ.